ಹದಿಮೂರಾದ ಮೇಲೆ ಒಂದು

28 ಜೂನ್ 2025, ಶನಿವಾರ
ಹಳೇ ಹುಬ್ಬಳ್ಳಿ

ಮುಂಜಾನೆಯಿಂದ ಜಿಟಿಜಿಟಿ ಮಳೆ. ಮಣ್ಣೆತ್ತಿನ ಅಮಾವಾಸ್ಯೆ ಮುಗಿದು ಮೂರು ದಿನವಾದರೂ ಎತ್ತುಗಳು ಇನ್ನೂ ದೇವರ ಮುಂದೇ ಕೂತಿವೆ. ಒಂದರ ಕೋಡು ಮುರಿದಿದೆ, ಮುರಿದವರು ಯಾರು ಅಂದರೆ ಮನೆಯಲ್ಲಿ ಯಾರೂ ಬಾಯಿ ಬಿಡುತ್ತಿಲ್ಲ. ಇವತ್ತು ಮುಂಜಾನೆ ಶಾಲೆ. ಹನ್ನೊಂದೂವರೆಗೆ ಮಕ್ಕಳನ್ನು ಬಿಟ್ಟ ಮೇಲೆ ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮೀಟಿಂಗ್. ನನ್ನ ಪಾಲಿಗೆ ಮೊದಲನೆಯದು.

ನಾನು ಸದಸ್ಯೆ ಆದದ್ದು ಆಸೆಪಟ್ಟು ಅಲ್ಲ. ಎರಡು ವಾರದ ಹಿಂದೆ ಪಾಲಕರ ಸಭೆ ಕರೆದಿದ್ದರು. ಪಾಲಕರು 18 ಮಂದಿ ಬೇಕು, ಅದರಲ್ಲಿ 9 ಹೆಣ್ಣುಮಕ್ಕಳು ಇರಲೇಬೇಕು. ಲೆಕ್ಕ ಎಂಟಕ್ಕೆ ನಿಂತುಬಿಟ್ಟಿತ್ತು. ಹೆಡ್ ಮಾಸ್ತರು ಸುತ್ತಲೂ ಕಣ್ಣಾಡಿಸಿ, ಬಾಗಿಲಲ್ಲಿ ಕೊಡೆ ಮಡಚುತ್ತಿದ್ದ ನನ್ನನ್ನು ಹಿಡಿದರು. “ಅಕ್ಕಾರ, ನಿಮ್ಮ ಹೆಸರು ಬರಕೊಳ್ಳಲೇನ್ರಿ? ಕೆಲಸೇನೂ ಇರೂದಿಲ್ಲ, ಒಂದ್ ಸಹಿ ಅಷ್ಟ.” ತಡವಾಗಿ ಬಂದದ್ದಕ್ಕೆ ದಂಡ ಅಂದುಕೊಂಡು ಹೂಂ ಅಂದೆ.

ಒಂದ್ ಸಹಿ ಅಷ್ಟ. ಆ ಮಾತು ಮಾತ್ರ ಕಿವಿಯಿಂದ ಹೋಗಲಿಲ್ಲ. ಎಂಟು ವರ್ಷ ನಾನು ಅನ್ನ ಉಂಡದ್ದೇ ಸಹಿ, ಬಿಲ್ಲು, ರಸೀದಿಗಳ ಮೇಲೆ. ಎರಡು ವರ್ಷದ ಹಿಂದಿನವರೆಗೆ ಪೇಟೆಯ ಒಂದು ಹೋಲ್‌ಸೇಲ್ ಚಪ್ಪಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಅತ್ತೆಗೆ ಪಾರ್ಶ್ವವಾಯು ಆದ ಮೇಲೆ ಬಿಟ್ಟೆ.

ಹಿಂಗಾಗಿ ರಾತ್ರಿ ಮೊಬೈಲ್ ಹಿಡಿದು ಕಾಯ್ದೆ ಓದಿದೆ. ಆರ್‌ಟಿಇ, ಅದೇ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ನಮ್ಮ ಓಣಿಗೆ ಗೊತ್ತಿರುವುದು ಒಂದೇ, ಖಾಸಗಿ ಶಾಲೆಯ 25 ಪರ್ಸೆಂಟ್ ಸೀಟು. 2019ರಿಂದ, ಹತ್ತಿರದಲ್ಲಿ ಸರಕಾರಿ ಶಾಲೆ ಇದ್ದರೆ ಆ ಸೀಟೂ ಸಿಗದು ಅಂತಾದ ಮೇಲೆ ಆ ಹೆಸರನ್ನೇ ಮರೆತಿದ್ದೇವೆ. 2009ರ ಅದೇ ಕಾಯ್ದೆಯ 21ನೇ ಕಲಮು ನಮ್ಮದೇ ಅನ್ನುವುದು ನನಗೆ ಈಗ ಗೊತ್ತಾಯಿತು. ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧ ಹೆಣ್ಣುಮಕ್ಕಳು ಇರಬೇಕು. ಶಾಲೆ ಹೇಗೆ ನಡೆಯುತ್ತಿದೆ ನೋಡಬೇಕು, ಶಾಲೆಯ ಅಭಿವೃದ್ಧಿ ಯೋಜನೆ ಮಾಡಬೇಕು, ಬಂದ ದುಡ್ಡು ಎಲ್ಲಿ ಹೋಯಿತು ಅಂತ ಕೇಳಬೇಕು. ನಮ್ಮ ರಾಜ್ಯದಲ್ಲಿ ಇದು ಅದಕ್ಕೂ ಹಳೆಯದು. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಹೇಳಿದ ಮೇಲೆ 2001ರ ಏಪ್ರಿಲ್ 28ಕ್ಕೆ ಸರಕಾರಿ ಆದೇಶವಾಗಿ ಎಸ್‌ಡಿಎಂಸಿ ಹುಟ್ಟಿತಂತೆ. ಆಗ ನಾನು ನಾಲ್ಕನೇ ಇಯತ್ತೆ ಮುಗಿಸಿ ಸೂಟಿಯಲ್ಲಿ ಹುಣಸೆಹಣ್ಣು ಚೀಪುತ್ತಿದ್ದೆ. ಆಮೇಲೆ ಮೂರು ವರ್ಷ ಅದೇ ಶಾಲೆಯಲ್ಲಿ ಓದಿದೆ. ಹಿಂಗೊಂದು ಸಮಿತಿ ಇದೆ ಅಂತ ನನ್ನ ಅಪ್ಪನಿಗೂ ಗೊತ್ತಿರಲಿಲ್ಲ, ನನಗೂ ಇರಲಿಲ್ಲ.

ಮೀಟಿಂಗಿಗೆ ಬಂದವರು 18ರಲ್ಲಿ 7. ಆ ಏಳರಲ್ಲೂ ಒಬ್ಬಾತ ಸದಸ್ಯನಲ್ಲ, ಸದಸ್ಯೆಯ ಗಂಡ. “ನಮ್ಮ ಮನಿಯಾಕಿಗೆ ಪುರಸೊತ್ತಿಲ್ರಿ, ನಾನ ಸಹಿ ಹಾಕಿ ಹೋಗ್ತೇನಿ” ಅಂತ ಪೆನ್ನು ತೆಗೆದ. ಹೂ ಮಾರುವ ಕಾಕು, ಮೊಮ್ಮಗನನ್ನು ತಾನೇ ಸಾಕಿದಾಕೆ, ಸೆರಗಿನಿಂದ ತಲೆ ಒರೆಸುತ್ತಲೇ ಕೇಳಿದಳು: “ಆಕಿ ಸಹಿ ನೀ ಹಾಕಿದ್ರ, ನಿನ್ನ ಇಸ್ಪೀಟು ಆಕಿ ಆಡಾಕ ಬರ್ತಾಳೇನಪಾ ಗುಡಿ ಕಟ್ಟಿಗೆ?” ಆತ ಪೆನ್ನು ಕಿಸೆಗೆ ಹಾಕಿ ಹೋದ. ಹತ್ತು ನಿಮಿಷಕ್ಕೆ ಆಕೆಯೇ ಬಂದಳು, ಕೈಯಲ್ಲಿ ಇನ್ನೂ ಹಿಟ್ಟು ಅಂಟಿತ್ತು. ಪುರಸೊತ್ತು ಇಲ್ಲದ್ದು ನಿಜವೇ.

ಚಹಾ ಬಂತು, ಹಿಂದೆಯೇ ಠರಾವು ಪುಸ್ತಕ ಬಂತು. ಕೆಂಪು ರಟ್ಟಿನ ಉದ್ದನೆಯ ಪುಸ್ತಕ, ಅಂಚು ಗೆದ್ದಲು ತಿಂದು ಬಾಚಣಿಗೆಯಂತಾಗಿದೆ. ಹಿಂದಿನ ಪುಟ ತಿರುವಿದೆ. ಪುಟದ ತಲೆಗೆ ಫೆಬ್ರುವರಿ ತಿಂಗಳ ತಾರೀಖು ಇದೆ. ಅದರ ಕೆಳಗೆ “ಈ ದಿನ ಸಭೆ ಸೇರಿ ಸರ್ವಾನುಮತದಿಂದ ಠರಾಯಿಸಿದ್ದೇನೆಂದರೆ” ಅಂತ ಒಂದು ಸಾಲು. ಆಮೇಲೆ ಒಂದು ಗೇಣು ಜಾಗ ಖಾಲಿ. ಪುಟದ ತಳದಲ್ಲಿ ಹನ್ನೊಂದು ಸಹಿ, ಎರಡು ಹೆಬ್ಬೆಟ್ಟು. ಏನು ಠರಾಯಿಸಿದರು ಅನ್ನುವುದು ಆಮೇಲೆ ಯಾವಾಗಲೋ ಬರಬೇಕಿತ್ತು, ಬರಲಿಲ್ಲ.

ನಾನು ಏನೂ ಅನ್ನಲಿಲ್ಲ. ಮೊದಲ ದಿನವೇ ಬಾಯಿ ಮಾಡಿದರೆ ನಾಳೆ ಮಗಳ ಮೇಲೆ ಕಣ್ಣು ಬೀಳುತ್ತದೆ ಅನ್ನುವ ಭಯ ಯಾವ ತಾಯಿಗಿಲ್ಲ?

ಇವತ್ತಿನ ವಿಷಯ ಸರಕಾರದ ದುಡ್ಡಿನಲ್ಲಿ ಮಕ್ಕಳಿಗೆ ಕೊಡಿಸುವ ಶೂ. ಒಂದರಿಂದ ಐದನೇ ಇಯತ್ತೆಗೆ ತಲೆಗೆ 265 ರೂಪಾಯಿ, ಆರು ಏಳಕ್ಕೆ 295. ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್. ನಮ್ಮ ಶಾಲೆಯಲ್ಲಿ ಸಣ್ಣವರು 96, ದೊಡ್ಡವರು 46, ಒಟ್ಟು 39,010 ರೂಪಾಯಿ. ಕೊಳ್ಳುವವರು ನಾವೇ. ಅಧ್ಯಕ್ಷರು ಮತ್ತು ಹೆಡ್ ಮಾಸ್ತರು ಇಬ್ಬರ ಸಹಿ ಇಲ್ಲದೆ ಬ್ಯಾಂಕಿನಿಂದ ಒಂದು ರೂಪಾಯಿ ಹೊರಗೆ ಬರುವುದಿಲ್ಲ. ಅಧ್ಯಕ್ಷರು ಆಟೋ ಓಡಿಸುವವರು, ಬಾಡಿಗೆ ಬಿಟ್ಟು ಬಂದಿದ್ದರು, ಕೂತಲ್ಲೇ ಕಾಲು ಕುಣಿಸುತ್ತಿದ್ದರು.

ಹೆಡ್ ಮಾಸ್ತರು ಮೂರು ಕೊಟೇಶನ್ ಮೇಜಿನ ಮೇಲಿಟ್ಟರು. ಮೂರು ಅಂಗಡಿ, ಮೂರು ಲೆಟರ್‌ಹೆಡ್. ದರ 265, 272, 280. ಸರಕಾರ ಕೊಡುವುದೆಷ್ಟೋ ಸರಿಯಾಗಿ ಅಷ್ಟಕ್ಕೇ ಬಂದು ನಿಂತ ಅತಿ ಕಡಿಮೆ ದರ. ಮೊದಲನೆಯದಕ್ಕೆ ಜಿಎಸ್‌ಟಿ ನಂಬರ್ ಇದೆ, ಉಳಿದೆರಡಕ್ಕೆ ಇಲ್ಲ. ಹಿಂಗಿರುವುದು ಅಪರೂಪವೇನಲ್ಲ, ನೋಡಿ ನೋಡಿ ನನಗೆ ಸಾಕಾಗಿದೆ. ಸಹಿ ಮಾಡಿ ಎದ್ದುಬಿಡುತ್ತಿದ್ದೆನೋ ಏನೋ. ಆದರೆ ಕಣ್ಣು ಕೆಳಗಿನ ಸಾಲಿಗೆ ಹೋಯಿತು:

“ಒಂದು ಜೊತೆ ಕಪ್ಪು ಶೂ ಹಾಗೂ ಎರಡು ಜೊತೆ ಬಿಳಿ ಸಾಕ್ಷಿ.”

ಎರಡನೆಯ ಹಾಳೆಯಲ್ಲೂ ಬಿಳಿ ಸಾಕ್ಷಿ. ಮೂರನೆಯದರಲ್ಲೂ ಅದೇ.

ಕಿವಿ ಬಿಸಿಯಾಯಿತು. ಆ ಸಾಕ್ಷಿ ನನ್ನದು. 2022ರಲ್ಲಿ ಅಂಗಡಿಯ ಕಂಪ್ಯೂಟರಿನಲ್ಲಿ ಅವಸರಕ್ಕೆ ಟೈಪ್ ಮಾಡುವಾಗ ಸಾಕ್ಸ್ ಹೋಗಿ ಸಾಕ್ಷಿ ಆಗಿತ್ತು. ಮಾಲೀಕರಿಗೆ ಅದನ್ನು ಓದುವ ವ್ಯವಧಾನ ಇರಲಿಲ್ಲ, ಶಾಲೆಯವರಿಗೂ ಇರಲಿಲ್ಲ. ಒಂದು ಕೊಟೇಶನ್ ಬರೆದು, ದರ ಏಳೆಂಟು ರೂಪಾಯಿ ಏರಿಸಿ, ಪಕ್ಕದ ಎರಡು ಅಂಗಡಿಯ ಲೆಟರ್‌ಹೆಡ್ ಮೇಲೆ ಪ್ರಿಂಟ್ ತೆಗೆಯುವುದು ನನ್ನ ಕೆಲಸ. ಜೂನ್ ಬಂತೆಂದರೆ ದಿನಕ್ಕೆ ಹತ್ತು ಶಾಲೆಗೆ ಹಿಂಗೆ ಮಾಡುತ್ತಿದ್ದೆ. ಅದು ಕಳ್ಳತನ ಅಂತ ಒಂದು ದಿನವೂ ಅನಿಸಿರಲಿಲ್ಲ. ಹೆಡ್ ಮಾಸ್ತರುಗಳಿಗೆ ಓಡಾಟ ತಪ್ಪಿಸುವ ಉಪಕಾರ ಅಂತಲೇ ಅಂದುಕೊಂಡಿದ್ದೆ. ಆ ಹಾಳೆಗಳ ಇನ್ನೊಂದು ತುದಿಯಲ್ಲಿ ಸಹಿ ಹಾಕುವವರು ಯಾರು ಅಂತ ಯೋಚಿಸಿದ್ದೂ ಇಲ್ಲ. ಈಗ ಆ ತುದಿಯಲ್ಲಿ ನಾನೇ ಕೂತಿದ್ದೆ.

“ಸರ, ಈ ಮೂರೂ ಒಂದ ಕೈಯಾಗ ಆಗ್ಯಾವ್ರಿ.”

“ನಿಮಗ ಹೆಂಗ ಗೊತ್ತ್ರಿ ಅಕ್ಕಾರ?”

“ಈ ಸಾಕ್ಷಿ ಬರದಾಕಿ ನಾನ ರೀ.”

ಯಾರಿಗೂ ಗೊತ್ತಾಗಲಿಲ್ಲ. ಬಿಡಿಸಿ ಹೇಳಬೇಕಾಯಿತು. ಹೇಳುತ್ತ ಹೇಳುತ್ತ ಕಾಕು ಮೊದಲು ನಕ್ಕಳು, ಆಮೇಲೆ ಅಧ್ಯಕ್ಷರು. ಹೆಡ್ ಮಾಸ್ತರು ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಂಗಡ್ಯಾವ ಬಂದು ಮೂರೂ ತಾನ ಕೊಟ್ಟ ಹೋದ್ನಿ. ನಾ ಇಸಗೊಂಡೆ, ಖರೆ. ಮುಂಜಾನಿ ಹಾಲು, ಮಧ್ಯಾಹ್ನ ಊಟ, ವಾರದಾಗ ಆರು ದಿನ ತತ್ತಿ, ಅದರ ಲೆಕ್ಕ ಬ್ಯಾರೆ. ಏಳು ಇಯತ್ತೆಕ್ಕ ನಾವು ನಾಕ ಮಂದಿ, ಅದರಾಗ ಒಬ್ರು ಅತಿಥಿ ಶಿಕ್ಷಕರು. ನಾ ಪ್ಯಾಟ್ಯಾಗ ಮೂರು ಅಂಗಡಿ ತಿರಗಾಡಿದ್ರ ಐದನೇ ಇಯತ್ತೆಕ್ಕ ಗಣಿತ ಯಾರು ಹೇಳಬೇಕ್ರಿ?”

ಅವರನ್ನು ತಪ್ಪಿತಸ್ಥ ಅನ್ನಲು ನನಗೆ ಮನಸ್ಸಾಗಲಿಲ್ಲ. ಐದನೇ ಇಯತ್ತೆವರೆಗೆ 30 ಮಕ್ಕಳಿಗೆ, ಅದರ ಮೇಲೆ 35 ಮಕ್ಕಳಿಗೆ ಒಬ್ಬ ಶಿಕ್ಷಕ ಅನ್ನುತ್ತದೆ ಅದೇ ಕಾಯ್ದೆ. 142ಕ್ಕೆ ನಾಲ್ಕು ಮಂದಿ ಅಂದರೆ ಲೆಕ್ಕ ಮಾಡುವುದೇ ಬೇಡ.

ನನ್ನ ತಕರಾರು ದರದ್ದೂ ಅಲ್ಲ. 265ರಲ್ಲಿ ತೆರಿಗೆ ಸೇರಿದೆ, ಶೂಗೆ 12 ಪರ್ಸೆಂಟ್, ಸಾಕ್ಸಿಗೆ 5. ಅದನ್ನು ಕಳೆದರೆ ಅಂಗಡಿಯವನಿಗೆ ದಕ್ಕುವುದು 240ರ ಒಳಗೆ. ಅಷ್ಟರಲ್ಲಿ ಬಾಟಾ ಅಂಗಡಿಯ ಮಾಲು ಬರುವುದಿಲ್ಲ, ಒಪ್ಪಿದೆ. ಮೋಸ ಇರುವುದು ಸೈಜಿನಲ್ಲಿ. ಶಾಲೆಯಿಂದ ಹೋಗುವುದು ಬರೀ ತಲೆಯೆಣಿಕೆ, ಇಷ್ಟು ಸಣ್ಣವರು, ಇಷ್ಟು ದೊಡ್ಡವರು ಅಂತ. ಅಂಗಡಿಯವನು ಗೋದಾಮಿನಲ್ಲಿ ಉಳಿದದ್ದನ್ನು ಸೆಟ್ ಮಾಡಿ ಕಳಿಸುತ್ತಾನೆ. ಬಂದ ದಿನ ಮಕ್ಕಳು ಸಾಲಾಗಿ ನಿಂತು ಸಿಕ್ಕಿದ್ದನ್ನು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಹೋದ ವರ್ಷ ನನ್ನ ಮಗಳ ಹಿಮ್ಮಡಿ ಒಂದು ವಾರದಲ್ಲಿ ಬೊಕ್ಕೆ ಬಂತು, ನವರಾತ್ರಿಗೆ ಮೊದಲೇ ಶೂವಿನ ಸೋಲ್ ಬಾಯಿ ಬಿಟ್ಟಿತು. ಈಗ ಆ ಶೂ ಮಂಚದ ಕೆಳಗಿದೆ, ಒಂದರೊಳಗೆ ಬೆಕ್ಕು ಮರಿ ಹಾಕಿತ್ತು ಅಂದರೆ ನಂಬಬೇಕು.

“ಹಂಗಾರ ಮಳಿಗಾಲದಾಗ ಚಪ್ಪಲಿನ ಕೊಡ್ರಿ, ಸೈಜಿನ ತಂಟೇನ ಬ್ಯಾಡ” ಅಂದರು ಅಧ್ಯಕ್ಷರು. ಅವರಿಗೆ ಆಟೋ ನೆನಪಾಗಿತ್ತು. ಕಾಕು ಬಿಡಲಿಲ್ಲ. “ಕಾನ್ವೆಂಟ್ ಹುಡುಗ್ರು ಬೂಟ್ ಹಾಕ್ಕೊಂಡು ನನ್ನ ಹೂವಿನ ಬುಟ್ಟಿ ಮುಂದ ಹಾಯ್ತಾವ. ನನ್ನ ಮೊಮ್ಮಗಗೂ ಬೂಟ ಬೇಕು.” ಚರ್ಚೆ ಅಲ್ಲಿಗೆ ಮುಗಿಯಿತು.

ಠರಾವು ನಾನೇ ಬರೆದೆ. ಮೊದಲು ಮಕ್ಕಳ ಕಾಲು ಅಳೆಯುವುದು. ಸೈಜ್ ಪಟ್ಟಿ ಹಿಡಿದು ಮೂರು ಅಂಗಡಿಗೆ ನಾವೇ ಹೋಗುವುದು. ಹೊಂದದ ಶೂ ಹದಿನೈದು ದಿನದೊಳಗೆ ಬದಲಿಸಿಕೊಡಬೇಕು ಅಂತ ಬರೆಸಿಕೊಳ್ಳುವುದು. ಜೋರಾಗಿ ಓದಿದೆ, ಓದಿದ ಮೇಲೆ ಸಹಿ. ಹಿಟ್ಟಿನ ಕೈಯಾಕೆ ಇನ್ನೊಮ್ಮೆ ಓದ್ರಿ ಅಂದಳು, ಓದಿದೆ. ಆಮೇಲೆ ಹೆಬ್ಬೆಟ್ಟು ಒತ್ತಿದಳು. ಫೆಬ್ರುವರಿ ಪುಟದ ಖಾಲಿ ಜಾಗಕ್ಕೆ ಹೆಡ್ ಮಾಸ್ತರು ತಾವಾಗಿಯೇ ಒಂದು ಅಡ್ಡಗೆರೆ ಎಳೆದರು.

30 ಜೂನ್, ಸೋಮವಾರ

ಬರೆಯಲು ಹೊತ್ತಿಲ್ಲ, ಆದರೂ.

ಇವತ್ತು ಮುಂಜಾನೆ ಪ್ರಾರ್ಥನೆ ಮುಗಿಯುತ್ತಲೇ ಅಳತೆ. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಗೆರೆ ಕೊರೆದು ನಂಬರ್ ಬರೆದುಕೊಂಡು ಹೋಗಿದ್ದೆ. ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಬೇಕು, ಕೂರಿಸಿ ಅಳೆದರೆ ಅರ್ಧ ನಂಬರ್ ಕಡಿಮೆ ಬರುತ್ತದೆ. ಹೆಬ್ಬೆರಳಿನ ಮುಂದೆ ನನ್ನ ಕಿರುಬೆರಳಷ್ಟು ಜಾಗ ಬಿಟ್ಟು ನಂಬರ್ ಹಿಡಿದೆ, ಮಾರ್ಚಿನವರೆಗೆ ಬರಬೇಕಲ್ಲ. ಮಳೆಯಲ್ಲಿ ನಡೆದು ಬಂದ ಕಾಲುಗಳು, ಕ್ಯಾಲೆಂಡರ್ ಅರ್ಧಕ್ಕೆ ಮೆತ್ತಗಾಗಿ ಹರಿಯಿತು. ಎರಡನೆಯದು ತರಿಸಿದೆವು. ಏಳನೇ ಇಯತ್ತೆಯ ಒಬ್ಬ ಹುಡುಗ ಸಾಲಿನಲ್ಲಿ ಮೂರು ಸಲ ಹಿಂದೆ ಸರಿದ. ಕಾಲ ಬೆರಳ ಸಂದಿಯಲ್ಲಿ ಕೆಸರುಹುಣ್ಣು. ಅಳತೆ ತೆಗೆದು ಯಾರಿಗೂ ಕಾಣದಂತೆ ಸುಣ್ಣ ಹಚ್ಚಲು ಹೇಳಿ ಕಳಿಸಿದೆ.

ಹೆಡ್ ಮಾಸ್ತರು ಪಟ್ಟಿ ಬರೆಯುತ್ತಿದ್ದರು. ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು. ಆಮೇಲಿನ ಹುಡುಗಿಗೆ ನಾನು “ಒಂದು” ಅಂದೆ. ಪೆನ್ನು ನಿಂತಿತು. “ಹದಿಮೂರಾದ ಮ್ಯಾಲ ಹದಿನಾಲ್ಕಲ್ಲೇನ್ರಿ?” ಶೂ ಲೆಕ್ಕ ಹಂಗೇ, ಸಣ್ಣವರದು ಹದಿಮೂರಕ್ಕೆ ಮುಗಿದು ಮತ್ತೆ ಒಂದರಿಂದ ಶುರುವಾಗುತ್ತದೆ ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, “ಹಂಗಾರ ಹೋದ ವರ್ಷ ನಾವು ‘ಒಂದು’ ಅಂತ ಡಬ್ಬಿ ಮ್ಯಾಲ ಬರದಿದ್ದನ್ನೆಲ್ಲಾ ಒಂದನೇ ಇಯತ್ತೆಕ್ಕ ಹಂಚಿದ್ವಿ” ಅಂದರು. ನಕ್ಕು ನಕ್ಕು ಪಟ್ಟಿಯಲ್ಲಿ ಎರಡು ಹೆಸರು ತಪ್ಪಿತು.

ಮಧ್ಯಾಹ್ನ ಕಾಕುವಿನ ಜೊತೆ ದುರ್ಗದಬೈಲಿಗೆ. ಇಬ್ಬರಿಗೂ ಶಕ್ತಿ ಟಿಕೆಟ್, ಸೊನ್ನೆ ರೂಪಾಯಿ. ಸಮಿತಿಯ ಪ್ರವಾಸ ಖರ್ಚು ಅಂತ ಆ ಎರಡು ಟಿಕೆಟ್ ಪುಸ್ತಕಕ್ಕೆ ಅಂಟಿಸಬೇಕು ಅಂದಿದ್ದಾಳೆ ಕಾಕು, ತಮಾಷೆಗಲ್ಲ. ಒಂದು ಅಂಗಡಿಯವನು 142 ಜೊತೆ ಅಂದಾಗ ಚಹಾ ತರಿಸಿದ, ಸೈಜ್ ಪಟ್ಟಿ ತೆಗೆದಾಗ ಮುಖ ಸಣ್ಣ ಮಾಡಿದ. ಇನ್ನೊಬ್ಬ 265ಕ್ಕೇ ಹೊಲಿಗೆ ಹಾಕಿದ ಸೋಲ್ ಇರುವ ಶೂ ಕೊಡುತ್ತೇನೆ, ಬದಲಿಸಿಯೂ ಕೊಡುತ್ತೇನೆ ಅಂದ. ಕಾಕು ಆ ಶೂ ಕೈಗೆ ತೆಗೆದುಕೊಂಡು ರೊಟ್ಟಿ ಮಡಚಿದಂತೆ ಎರಡು ಸಲ ಮಡಚಿ ನೋಡಿದಳು, ಮೂಸಿಯೂ ನೋಡಿದಳು. ಯಾಕೆ ಮೂಸಿದಳೋ ಕೇಳಲಿಲ್ಲ. ಬರುವಾಗ ಒಂದು ಪ್ಲೇಟ್ ಗಿರಮಿಟ್ ಹಂಚಿಕೊಂಡೆವು, ಅದು ನನ್ನ ಖರ್ಚು.

ನನ್ನ ಹಳೆಯ ಅಂಗಡಿಯ ಮುಂದೆ ಹಾಯುವಾಗ ರಸ್ತೆ ದಾಟಿ ಆಚೆ ಬದಿಗೆ ಹೋದೆ. ಒಳಗೆ ಹೊಸ ಹುಡುಗಿ ಕಂಪ್ಯೂಟರ್ ಮುಂದೆ ಕೂತಿದ್ದಳು.

ಈಗ ರಾತ್ರಿ ಒಂಬತ್ತೂವರೆ. ಮಾಲೀಕರ ಫೋನ್ ಬಂದಿತ್ತು. “ಏನವಾ, ಸಾಲಿ ಕಮಿಟಿ ಸೇರೀಯಂತ? ನಮ್ಮ ಮ್ಯಾಲ ಸಿಟ್ಟೇನು?” ಸಿಟ್ಟಲ್ರಿ ಅಂದೆ. ಐದು ನಿಮಿಷಕ್ಕೆ ವಾಟ್ಸಾಪ್‌ನಲ್ಲಿ ಹೊಸ ಕೊಟೇಶನ್ ಬಂತು. ಸಾಕ್ಷಿ ಹೋಗಿ ಸಾಕ್ಸ್ ಆಗಿದೆ, ಕೆಳಗೆ “ಸೈಜ್ ಪಟ್ಟಿಯಂತೆ” ಅಂತ ಸೇರಿಸಿದ್ದಾರೆ. ದರ 258. ಬುಧವಾರ ಸಭೆ. ಇದನ್ನೂ ಇಡಬೇಕು, ಅದು ಯಾರ ಅಂಗಡಿ, ನನಗೂ ಅವರಿಗೂ ಏನು ಸಂಬಂಧ ಅಂತ ಮೊದಲು ಠರಾವಿನಲ್ಲಿ ಬರೆಸಿ.