ಘಟ್ಟ ಇಳಿಯುವ ಪಾರ್ಸೆಲ್‌ಗೆ ಎಐ ಲೆಕ್ಕ

ಹುಬ್ಬಳ್ಳಿಯಿಂದ ಹೊರಟ ಪಾರ್ಸೆಲ್ ಕಾರವಾರಕ್ಕೆ ಯಾವಾಗ ಮುಟ್ಟುತ್ತದೆ ಎಂದು ಹಳೆಯ ದಾಖಲೆಗಳಿಂದ ಕಲಿತು ಸಮಯ ಊಹಿಸುವ ಎಐ ಮಾಡೆಲ್‌ಗೆ ಒಂದೇ ಏಟಿಗೆ ಕೇಳಬೇಡಿ. ಹಬ್‌ನಲ್ಲಿ (ಪಾರ್ಸೆಲ್ ವಿಂಗಡಿಸಿ ಲಾರಿಗೆ ಹಾಕುವ ಜಾಗ) ಕಾಯುವುದು, ಯಲ್ಲಾಪುರ–ಅರಬೈಲು ಘಟ್ಟ–ಅಂಕೋಲಾ ದಾರಿ, ಊರೊಳಗಿನ ಡೆಲಿವರಿ ಎಂದು ಮೂರು ತುಂಡು ಮಾಡಿ. ಒಂದೊಂದಕ್ಕೂ ತಡವಾಗುವ ಕಾರಣವೇ ಬೇರೆ. ಲಾರಿ ಬಿಟ್ಟ ಹತ್ತು ನಿಮಿಷಕ್ಕೆ ಹಬ್‌ಗೆ ಬಂದ ಪಾರ್ಸೆಲ್ ಮರುದಿನದ ಲಾರಿಯವರೆಗೆ ಕೂತೇ ಇರುತ್ತದೆ. ಹಾಗಾಗಿ ಬಂದ ಗಂಟೆಗಿಂತ, ಮುಂದಿನ ಲಾರಿಗೆ ಉಳಿದ ನಿಮಿಷಗಳ ಕಾಲಂ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮ್ಯಾಪಿನಲ್ಲಿ ನೇರ ಗೆರೆ ಎಳೆದು ದೂರ ಅಳೆದರೆ ನಮ್ಮ ಕರಾವಳಿಯಲ್ಲಿ ಲೆಕ್ಕ ಕೆಟ್ಟಿತೆಂದೇ ಅರ್ಥ. ತದಡಿಯಲ್ಲಿ ನಿಂತರೆ ಅಘನಾಶಿನಿ ಊರು ನದಿಯಾಚೆ ಎದುರಿಗೇ ಕಾಣುತ್ತದೆ. ವ್ಯಾನ್ ಮಾತ್ರ ಹೆದ್ದಾರಿಗೆ ಹೋಗಿ, ಮಿರ್ಜಾನ ದಾಟಿ, ಕುಮಟಾ ಕಡೆಯಿಂದ ಸುತ್ತಿ ಬರಬೇಕು.

ನಿಜವಾದ ತಲೆನೋವು ಸ್ಕ್ಯಾನ್ ಡೇಟಾ. ಶಿರಸಿ ಸುತ್ತಿನ ನೆಟ್‌ವರ್ಕ್ ಸಿಗದ ಹಳ್ಳಿಗಳಲ್ಲಿ ಹಂಚಿದ್ದನ್ನೆಲ್ಲ ಡೆಲಿವರಿಯವರು ಸಂಜೆ ಪೇಟೆಗೆ ಬಂದ ಮೇಲೆ ಫೋನಿನಲ್ಲಿ ಒಟ್ಟಿಗೇ ಡೆಲಿವರ್ಡ್ ಎಂದು ಒತ್ತುತ್ತಾರೆ. ಒಂದೇ ಫೋನಿನಿಂದ ಐದು ನಿಮಿಷದೊಳಗೆ ದೂರದೂರದ ಹತ್ತು ವಿಳಾಸ ಕಂಡರೆ, ಆ ಸಮಯಗಳನ್ನು ಕಲಿಕೆಗೆ ಕೊಡಬೇಡಿ. ಡೇಟಾ ಕಡಿಮೆಯಿರುವ ಹಳ್ಳಿಯ ಸರಾಸರಿಯನ್ನೂ ಹಾಗೇ ನಂಬಬಾರದು. ಉದಾಹರಣೆಗೆ, ಹಳ್ಳಿಯ 4 ಪಾರ್ಸೆಲ್‌ಗಳ ಸರಾಸರಿ 40 ಗಂಟೆ, ತಾಲ್ಲೂಕಿನದು 28 ಇದ್ದರೆ, ತಾಲ್ಲೂಕಿನ ಸರಾಸರಿಯನ್ನು 20 ಪಾರ್ಸೆಲ್‌ಗೆ ಸಮವೆಂದು ಹಿಡಿದು ಎರಡನ್ನೂ ಬೆರೆಸಿ: (4×40 + 20×28) ÷ 24 = 30 ಗಂಟೆ.

ಮುಟ್ಟಿದ ಪಾರ್ಸೆಲ್‌ಗಳನ್ನಷ್ಟೇ ಕಲಿಸುವುದು ಇನ್ನೊಂದು ಎಡವಟ್ಟು. ದಾರಿಯಲ್ಲಿ ಸಿಕ್ಕಿಬಿದ್ದವು ಲೆಕ್ಕದಿಂದ ಬಿಟ್ಟುಹೋಗಿ, ಮಾಡೆಲ್ ಎಲ್ಲವೂ ಬೇಗ ಬರುತ್ತದೆ ಎಂದುಕೊಳ್ಳುತ್ತದೆ. ಒಂದು ವಾರದ ಬುಕಿಂಗ್‌ಗಳೆಲ್ಲ ಇತ್ಯರ್ಥವಾದ ಮೇಲೆಯೇ ಆ ವಾರವನ್ನು ಸೇರಿಸಿ.

2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯಿತಲ್ಲ, ಅಂಥ ದಿನಗಳ ದಾಖಲೆಗೆ ಬೇರೆ ಗುರುತು ಹಾಕಿ. ಇಲ್ಲದಿದ್ದರೆ ಮಾಡೆಲ್ ತಪ್ಪನ್ನು ಜುಲೈ ತಿಂಗಳ ತಲೆಗೇ ಕಟ್ಟುತ್ತದೆ. ರಸ್ತೆ ಬಂದ್ ಎಂಬುದನ್ನು ಊಹಿಸಲು ಅದಕ್ಕೆ ಬಿಡಲೇಬಾರದು. ಡಿಪೋದವರು ಒತ್ತುವ ಒಂದು ಸ್ವಿಚ್ ಸಾಕು.

ಇಷ್ಟಾದರೆ ಮಾಡೆಲ್ ಕಟ್ಟಲು ಲೈಟ್‌ಜಿಬಿಎಂ ಎಂಬ ಸಾಫ್ಟ್‌ವೇರ್ ಧಾರಾಳವಾಯಿತು. ಪ್ರತಿ ತುಂಡಿಗೂ 0.5 ಮತ್ತು 0.9 ಕ್ವಾಂಟೈಲ್ (ನೂರಕ್ಕೆ ಐವತ್ತು ಮತ್ತು ತೊಂಬತ್ತು ಪಾರ್ಸೆಲ್ ದಾಟಿಬಿಡುವ ಸಮಯ) ತೆಗೆಯಿರಿ, ಆದರೆ ಮೂರು 0.9ಗಳನ್ನು ಕೂಡಿಸಬೇಡಿ, ಮೂರೂ ಕಡೆ ಒಟ್ಟಿಗೇ ತಡವಾಗುವುದು ಅಪರೂಪ, ಬರುವ ಉತ್ತರ ವಿಪರೀತ ತಡದ್ದಾಗುತ್ತದೆ. ಇಡೀ ಪಯಣದ 0.9 ಬೇಕಿದ್ದರೆ ಹಳೆಯ ಪಯಣಗಳ ಒಟ್ಟು ಸಮಯದ ಮೇಲೆಯೇ ಹೊಂದಿಸಿ. ಪರೀಕ್ಷೆಗೆ ದಾಖಲೆಗಳನ್ನು ಕಲಸಿ ಆರಿಸದೆ, ಮೇವರೆಗಿನದನ್ನು ಕಲಿಸಿ ಜೂನ್–ಜುಲೈಯ ಮೇಲೆ ನೋಡಿ: ಹೇಳಿದ 0.9 ಸಮಯದೊಳಗೆ ನೂರಕ್ಕೆ ಸುಮಾರು ತೊಂಬತ್ತು ಮುಟ್ಟಿರಬೇಕು.