ಮೈನ್‌ಕ್ರಾಫ್ಟ್ ಆಡಿದರೆ ಮಕ್ಕಳು ಏನು ಕಲಿಯುತ್ತಾರೆ?

ಮೈನ್‌ಕ್ರಾಫ್ಟ್ ಅಂದರೆ ಚೌಕ ಚೌಕ ಬ್ಲಾಕ್‌ಗಳನ್ನು ಅಗೆದು, ಜೋಡಿಸಿ ಬೇಕಾದ್ದನ್ನು ಕಟ್ಟುವ ಕಂಪ್ಯೂಟರ್ ಆಟ. ಮಗಳು ಅದನ್ನು ಆಡುತ್ತಾಳೆ ಅಂತ ಗೊತ್ತಾದರೆ ಸಾಕು, ನೆಂಟರು, ಪಕ್ಕದ ಮನೆಯವರು, ಎಲ್ಲರದ್ದೂ ಇದೇ ಪ್ರಶ್ನೆ: "ಅದರಲ್ಲಿ ಕಲಿಯೋಕೆ ಏನಿದೆ?"

ವಿಜ್ಞಾನವಂತೂ ಇಲ್ಲ. ಅಲ್ಲಿ ಮರದ ಬುಡ ಕಡಿದರೆ ಮೇಲಿನ ಕಾಂಡ ಗಾಳಿಯಲ್ಲೇ ನಿಂತಿರುತ್ತದೆ. ಎರಡು ಬಕೆಟ್ ನೀರನ್ನು ಸರಿಯಾದ ಜಾಗದಲ್ಲಿ ಸುರಿದರೆ ಎಂದೂ ಬತ್ತದ ಹೊಂಡ ರೆಡಿ (ಬೇಸಿಗೆಯ ಬೆಂಗಳೂರಿಗೆ ಅಂಥದ್ದೊಂದು ಬೇಕಿತ್ತು).

ಇರುವುದು ಲೆಕ್ಕ ಮತ್ತು ತರ್ಕ. ಒಂದು ದಿಮ್ಮಿಗೆ 4 ಹಲಗೆ. ಕೆಲಸದ ಮೇಜಿಗೆ 4 ಹಲಗೆ, ಪಿಕಾಸಿಗೆ 3 ಹಲಗೆ ಮತ್ತು 2 ಕೋಲು, ಕೋಲಿಗೆ ಮತ್ತೆ 2 ಹಲಗೆ. ಹಾಗಾದರೆ ಎಷ್ಟು ಮರ ಕಡಿಯಬೇಕು? ಶಾಲೆಯ ಪುಸ್ತಕದಲ್ಲಿದ್ದರೆ ಮುಖ ಸಿಂಡರಿಸುವ ಲೆಕ್ಕ ಇದು. ಇಲ್ಲಿ ಯಾರೂ ಕೇಳದೆಯೇ ಮಾಡುತ್ತಾಳೆ, ಯಾಕಂದರೆ ಕತ್ತಲಾಗುವ ಮೊದಲು ಮನೆ ಕಟ್ಟಬೇಕು, ಇಲ್ಲವಾದರೆ ಜೋಂಬಿಗಳು ಬರುತ್ತವೆ.

ನನಗೆ ಜಾಸ್ತಿ ಇಷ್ಟವಾಗುವುದು ರೆಡ್‌ಸ್ಟೋನ್. ಅದು ಆಟದೊಳಗಿನ ವಿದ್ಯುತ್ ಅನ್ನಿ. 15 ಬ್ಲಾಕ್ ದೂರ ಹೋಗಿ ನಿಂತುಬಿಡುತ್ತದೆ, ಮುಂದೆ ಸಾಗಬೇಕಾದರೆ ನಡುವೆ ರಿಪೀಟರ್ ಇಡಬೇಕು. ಅದರ ದೀವಟಿಗೆಗೆ ವಿದ್ಯುತ್ ಕೊಟ್ಟರೆ ಅದು ಆರಿಹೋಗುತ್ತದೆ, ಅಂದರೆ ಕಂಪ್ಯೂಟರಿನವರು ನಾಟ್ ಗೇಟ್ (ಕೊಟ್ಟದ್ದನ್ನು ಉಲ್ಟಾ ಮಾಡುವ ಸರ್ಕ್ಯೂಟ್) ಅನ್ನುವುದು ಇದೇ. ಮಗಳಿಗೆ ಬೇಕಾಗಿದ್ದು ತಾನಾಗಿ ತೆರೆಯುವ ಕಬ್ಬಿಣದ ಬಾಗಿಲು. ಹೊರಗೆ ನೆಲದ ಮೇಲೆ ಕಲ್ಲಿನ ಪ್ರೆಷರ್ ಪ್ಲೇಟ್ ಇಟ್ಟಳು, ಅದನ್ನು ಜೋಂಬಿಯೂ ತುಳಿದು ಒಳಗೆ ಬಂತು! ಆಮೇಲೆ ತಾನೇ ಯೋಚಿಸಿ, ಪ್ಲೇಟನ್ನು ಒಳಗಡೆಗೆ ಸರಿಸಿ ಹೊರಗೆ ಬಟನ್ ಹಾಕಿದಳು. ಜೋಂಬಿಗೆ ಬಟನ್ ಒತ್ತೋಕೆ ಬರುವುದಿಲ್ಲ.

ಆದರೆ ಒಂದು ಮಾತು. ಯೂಟ್ಯೂಬ್ ನೋಡಿ ಯಾರೋ ಕಟ್ಟಿದ ಕೋಟೆಯನ್ನು ಬ್ಲಾಕಿಗೆ ಬ್ಲಾಕ್ ನಕಲು ಮಾಡುವ ಮಗು ಇಷ್ಟೆಲ್ಲ ಕಲಿಯುವುದಿಲ್ಲ. ಕಲಿಯಬೇಕಾದರೆ ಬಿಡಿಸುವ ಸಮಸ್ಯೆ ಆ ಮಗುವಿನದ್ದೇ ಆಗಿರಬೇಕು, ಅಲ್ವಾ? ಮಾರ್ಕ್ಸ್ ಜಾಸ್ತಿ ಬರುತ್ತದೆ ಅಂತಲೂ ಕಾಯಬೇಡಿ.

ಬರೀ ಮಕ್ಕಳಾಟ ಅನ್ನುವವರಿಗೆ: ವಿಶ್ವಸಂಸ್ಥೆಯಲ್ಲಿ ಊರು-ವಸತಿಯ ಕೆಲಸ ನೋಡುವ ಯುಎನ್-ಹ್ಯಾಬಿಟಾಟ್ 2012ರಲ್ಲಿ ಇದೇ ಆಟ ಮಾಡಿದ ಮೊಜಾಂಗ್ ಕಂಪನಿ ಜೊತೆ ಸೇರಿ 'ಬ್ಲಾಕ್ ಬೈ ಬ್ಲಾಕ್' ಅನ್ನುವ ಯೋಜನೆ ಶುರು ಮಾಡಿತು. ತಮ್ಮ ಬೀದಿ, ಪಾರ್ಕು ಹೇಗಿರಬೇಕು ಅಂತ ಊರಿನವರೇ ಆಟದೊಳಗೆ ಕಟ್ಟಿ ತೋರಿಸುತ್ತಾರೆ.

"ಮತ್ತೆ ಹೊತ್ತು?" ಅನ್ನುತ್ತೀರಿ. ಆಟದ ಒಂದು ಹಗಲು-ರಾತ್ರಿ ಅಂದರೆ ನಮ್ಮ 20 ನಿಮಿಷ. ಹಾಗಾಗಿ ರಜಾ ದಿನ ಮೂರು "ದಿನ" ಆಡಬಹುದು ಅಂತ ನಿಯಮ ಮಾಡಿದೆವು. ಅಲ್ಲಿ ಹಾಸಿಗೆಯಲ್ಲಿ ಮಲಗಿದರೆ ರಾತ್ರಿ ಹಾರಿಹೋಗುತ್ತದೆ, ಅಂದರೆ ಆಟದ ಹೊತ್ತು ಕಮ್ಮಿ ಅಂತ ಕಂಡುಕೊಂಡವಳು ಮಲಗುವುದನ್ನೇ ಬಿಟ್ಟಳು. ಅದಕ್ಕೆ ಆಟದಲ್ಲೇ ಮದ್ದಿದೆ: ಮೂರು ದಿನ ನಿದ್ದೆಗೆಟ್ಟವರ ಮೇಲೆ ಫ್ಯಾಂಟಮ್ ಅನ್ನುವ ಹಾರುವ ಭೂತಗಳು ಆಕಾಶದಿಂದ ಎರಗುತ್ತವೆ.