84 ಎಸೆತ

ಆ ಶನಿವಾರ ನನ್ನ ಜೇಬಿನಲ್ಲಿ ಒಂದು ಕ್ಲಿಕ್ಕರ್ ಇತ್ತು. ಜಪ ಎಣಿಸಲು ಬೆರಳಿಗೆ ಹಾಕಿಕೊಳ್ಳುವ ಪುಟ್ಟ ಕೌಂಟರ್ ಬರುತ್ತದಲ್ಲ, ಅದರ ದೊಡ್ಡಣ್ಣ. ಗುಂಡಿ ಒತ್ತಿದರೆ ಕಟಕ್ ಅನ್ನುತ್ತದೆ, ಸಂಖ್ಯೆ ಒಂದು ಮುಂದೆ ಹೋಗುತ್ತದೆ.

ನನ್ನ ಮಗ ಲಿಟಲ್ ಲೀಗ್ ಬೇಸ್‌ಬಾಲ್ ಆಡುತ್ತಾನೆ. ಆಗ ಅವನಿಗೆ 11 ವರ್ಷ. ಲಿಟಲ್ ಲೀಗ್ ಹುಟ್ಟಿದ್ದೇ ನಮ್ಮ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ, 1939ರಲ್ಲಿ. ಇಲ್ಲಿ ಪ್ರತಿ ಅಪ್ಪ ಅಮ್ಮನಿಗೂ ಒಂದೊಂದು ಕೆಲಸ ಹಚ್ಚುತ್ತಾರೆ. ಒಬ್ಬರು ಕಿತ್ತಳೆ ಹಣ್ಣು ಕತ್ತರಿಸಿ ತರಬೇಕು, ಇನ್ನೊಬ್ಬರು ಗೆರೆ ಎಳೆಯಬೇಕು. ನನಗೆ ಆಟದ ನಿಯಮ ಅಷ್ಟಕ್ಕಷ್ಟೆ. ಅದಕ್ಕೇ ಕೋಚ್ ಕ್ಲಿಕ್ಕರ್ ಕೈಗಿಟ್ಟು, ಪಿಚರ್ (ನಮ್ಮ ಬೌಲರ್ ಥರ ಚೆಂಡು ಎಸೆಯುವವನು) ಎಷ್ಟು ಎಸೆದ ಅಂತ ಎಣಿಸಿದರೆ ಸಾಕು ಅಂದರು. ಹನ್ನೊಂದು, ಹನ್ನೆರಡರ ಮಕ್ಕಳಿಗೆ ದಿನಕ್ಕೆ 85 ಎಸೆತ, ಅದಕ್ಕಿಂತ ಜಾಸ್ತಿ ಇಲ್ಲ. 66 ಮುಟ್ಟಿದರೆ ಮುಂದಿನ ನಾಲ್ಕು ದಿನ ಮೌಂಡ್, ಅಂದರೆ ಪಿಚರ್ ನಿಂತು ಎಸೆಯುವ ಮಣ್ಣಿನ ದಿಬ್ಬ, ಹತ್ತುವ ಹಾಗಿಲ್ಲ. ಮೊದಲು ಕೇಳಿದಾಗ ನನಗೆ ನಗು ಬಂದಿತ್ತು. ಇಷ್ಟು ನಾಜೂಕಾದರೆ ಹೇಗಪ್ಪಾ ಅಂತ.

2024ರ ಮೇ ತಿಂಗಳು. ಪಾಲ್ ಸ್ಕೀನ್ಸ್ ಅನ್ನುವ ಹೊಸ ಪಿಚರ್ ಬರುತ್ತಿದ್ದಾನೆ, ಶನಿವಾರ ಮೊದಲ ಪಂದ್ಯ ಅಂತ ಬುಧವಾರ ಸುದ್ದಿ ಬಂತು. ಪಿಟ್ಸ್‌ಬರ್ಗ್‌ನಲ್ಲಿ ಬೇರೆ ಮಾತೇ ಇಲ್ಲ. ನಮ್ಮ ಪೈರೇಟ್ಸ್ ತಂಡ ಕೊನೆಯ ಸಲ ವರ್ಲ್ಡ್ ಸೀರೀಸ್, ಅಂದರೆ ಇಲ್ಲಿಯ ಅತಿ ದೊಡ್ಡ ಲೀಗ್ ಆದ ಮೇಜರ್ ಲೀಗ್‌ನ ಕಪ್, ಗೆದ್ದದ್ದು 1979ರಲ್ಲಿ. ಇಲ್ಲಿಯ ಅಭಿಮಾನಿಗಳ ತಾಳ್ಮೆ ಆರ್‌ಸಿಬಿ ಅಭಿಮಾನಿಗಳಿಗೆ ಚೆನ್ನಾಗಿ ಅರ್ಥವಾದೀತು. ಮಗ ಊಟ ಬಿಟ್ಟು ಕೂತ. ಟಿಕೆಟ್ ತೆಗೆದೆ.

ಈ ಹುಡುಗನ ದಾರಿಯೇ ಒಂಥರಾ ವಿಚಿತ್ರ. ಕ್ಯಾಲಿಫೋರ್ನಿಯಾದವನು. ಕಾಲೇಜಿಗೆ ಅಂತ ಸೇರಿದ್ದು ವಾಯುಸೇನೆಯ ಅಕಾಡೆಮಿಗೆ. ಅಲ್ಲಿ ಅವನು ಬರೀ ಪಿಚರ್ ಅಲ್ಲ, ಕ್ಯಾಚರ್ ಕೂಡ. ಅಂದರೆ ನಮ್ಮಲ್ಲಿ ಒಬ್ಬನೇ ಇವತ್ತು ಕೀಪಿಂಗ್ ಮಾಡಿ ನಾಳೆ ಹೊಸ ಚೆಂಡು ಹಿಡಿದ ಹಾಗೆ. ಬ್ಯಾಟಿಂಗ್ ಬೇರೆ. ಅಕಾಡೆಮಿಯಲ್ಲಿ ಎರಡು ವರ್ಷ ಮುಗಿಸಿ ಮೂರನೆಯದಕ್ಕೆ ಕಾಲಿಟ್ಟರೆ ಸೇನೆಯ ಸೇವೆಗೆ ಬದ್ಧರಾದಂತೆ. ಅದರ ಹೊಸ್ತಿಲಲ್ಲೇ ಅವನು ಹೊರಬಂದು ಲೂಸಿಯಾನ ಸ್ಟೇಟ್ ಯೂನಿವರ್ಸಿಟಿಗೆ ಹೋದ. ಕ್ಯಾಚರ್ ಗ್ಲೌಸ್ ಕೆಳಗಿಟ್ಟು ಎಸೆಯುವುದಕ್ಕೇ ನಿಂತ. 2023ರ ಆ ಒಂದು ಸೀಸನ್‌ನಲ್ಲಿ 13 ಗೆಲುವು, 2 ಸೋಲು, 209 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ, ಚೆಂಡು ಹೊಡೆಯಲಾಗದೆ ಬ್ಯಾಟರ್ ಔಟಾಗುವುದು).

ಆ ಜೂನ್‌ನಲ್ಲಿ ಒಮಾಹಾದ ಕಾಲೇಜ್ ವರ್ಲ್ಡ್ ಸೀರೀಸ್ ಪಂದ್ಯವೊಂದನ್ನು ಮಗನ ಕಾಟಕ್ಕೆ ಟಿವಿಯಲ್ಲಿ ನೋಡಿದ್ದೆ. ಎದುರಿಗೆ ವೇಕ್ ಫಾರೆಸ್ಟ್ ಯೂನಿವರ್ಸಿಟಿ. ಬೇಸ್‌ಬಾಲ್‌ನಲ್ಲಿ ಮೂವರು ಔಟಾದರೆ ಒಂದು ತಂಡದ ಸರದಿ ಮುಗಿಯುತ್ತದೆ, ಎರಡೂ ತಂಡದ ಸರದಿ ಸೇರಿ ಒಂದು ಇನಿಂಗ್ಸ್, ಪಂದ್ಯಕ್ಕೆ ಒಂಬತ್ತು. ಸಮವಾದರೆ ಇನ್ನೂ ಮುಂದಕ್ಕೆ. ಸ್ಕೀನ್ಸ್ ಎಂಟು ಇನಿಂಗ್ಸ್ ಎಸೆದ, ಒಂದು ರನ್ ಕೊಡಲಿಲ್ಲ. 120 ಎಸೆತ. ಅವನ ತಂಡ ಗೆದ್ದದ್ದು ಹನ್ನೊಂದನೇ ಇನಿಂಗ್ಸ್‌ನಲ್ಲಿ, 2-0. ಆಮೇಲೆ ಕಪ್ಪೂ ಅವರದೇ. ಮುಂದಿನ ತಿಂಗಳು, ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ, ಪೈರೇಟ್ಸ್ ಮೊಟ್ಟಮೊದಲ ಹೆಸರಾಗಿ ಅವನನ್ನು ಆರಿಸಿತು. ಸಹಿ ಹಾಕಿದ್ದಕ್ಕೇ 92 ಲಕ್ಷ ಡಾಲರ್.

ಅಷ್ಟು ದುಡ್ಡು ಸುರಿದ ಮೇಲೆ ಯಾರಾದರೂ ಮರುದಿನವೇ ಆಡಿಸುತ್ತಾರೆ ಅಲ್ವಾ? ಇಲ್ಲ. ಆ ಬೇಸಿಗೆಯಲ್ಲಿ ಕೆಳಗಿನ ಲೀಗ್‌ಗಳಲ್ಲಿ ಐದು ಪಂದ್ಯ, ಸೇರಿಸಿದರೆ ಏಳು ಇನಿಂಗ್ಸ್ ಕೂಡ ಇಲ್ಲ. ಮುಂದಿನ ವರ್ಷ ಇಂಡಿಯಾನಾಪೊಲಿಸ್‌ಗೆ ಕಳಿಸಿದರು. ಅದು ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗೆ. ಏಳು ಪಂದ್ಯದಲ್ಲಿ 27 ಚಿಲ್ಲರೆ ಇನಿಂಗ್ಸ್, 45 ಸ್ಟ್ರೈಕ್‌ಔಟ್. ಲೆಕ್ಕ ಹಾಕಿ ನೋಡಿ, ಪಂದ್ಯಕ್ಕೆ ನಾಲ್ಕು ಇನಿಂಗ್ಸ್ ಕೂಡ ಬೀಳುವುದಿಲ್ಲ. ಬ್ಯಾಟರ್‌ಗಳು ತತ್ತರಿಸುತ್ತಿದ್ದರು, ಇವರು ಅವನನ್ನು ಕರೆದು ಕೂರಿಸುತ್ತಿದ್ದರು. ಸೋಮವಾರ ಆಫೀಸಿನಲ್ಲಿ ಇದೇ ಜಗಳ. ನಾನೂ ಕೂಗಾಡುವ ಗುಂಪಿನಲ್ಲೇ ಇದ್ದೆ.

ಮೇ 11. ಊರಕಡೆ ಕಾರು ನಿಲ್ಲಿಸಿ ಹಳದಿ ಕ್ಲೆಮೆಂಟೆ ಸೇತುವೆಯ ಮೇಲೆ ನಡೆದುಕೊಂಡು ಹೋದೆವು. ಕೆಳಗೆ ಅಲೆಗೆನಿ ನದಿ, ಆಚೆ ದಡದಲ್ಲಿ ಪೈರೇಟ್ಸ್ ಮೈದಾನ, ಪಿಎನ್‌ಸಿ ಪಾರ್ಕ್. ಬಲಗಡೆ ಗೋಡೆ ಬೇಕಂತಲೇ 21 ಅಡಿ ಎತ್ತರ. ಪೈರೇಟ್ಸ್‌ನ ಹಳೇ ದಿಗ್ಗಜ ರಾಬರ್ಟೊ ಕ್ಲೆಮೆಂಟೆಯ ಜೆರ್ಸಿ ಸಂಖ್ಯೆ 21, ಅದಕ್ಕೆ. ಜನವೋ ಜನ, 34 ಸಾವಿರದ ಮೇಲೆ.

ನಮ್ಮ ಪಕ್ಕದ ಸೀಟಿನಲ್ಲಿ ಒಬ್ಬ ಅಜ್ಜ. ಎಪ್ಪತ್ತೈದು ದಾಟಿರಬೇಕು. ತೊಡೆಯ ಮೇಲೆ ಸ್ಕೋರ್ ಪುಸ್ತಕ, ಕಿವಿಯ ಹಿಂದೆ ಪೆನ್ಸಿಲ್. ಪ್ರತಿ ಎಸೆತಕ್ಕೂ ಚೌಕದ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕೆ ಇಡುತ್ತಿದ್ದರು. ಬ್ಯಾಟ್ ಬೀಸಿ ಸ್ಟ್ರೈಕ್‌ಔಟ್ ಆದರೆ ನೆಟ್ಟಗೆ ಇಂಗ್ಲಿಷ್ 'ಕೆ'. ನೋಡುತ್ತಾ ನಿಂತು ಔಟಾದರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುವಿದ 'ಕೆ'. ಮಗ ಅದನ್ನೇ ಬಗ್ಗಿ ನೋಡುತ್ತಿದ್ದ. ನಾನು ಸುಮ್ನೆ ತಮಾಷೆಗೆ ಕ್ಲಿಕ್ಕರ್ ತೆಗೆದೆ. ಅಜ್ಜ ಅದನ್ನು ನೋಡಿ, ನನ್ನನ್ನು ನೋಡಿ, ತಲೆದೂಗಿದರು. ನಾನೂ ಅವರ ಜಾತಿಯವನೇ ಅಂತ ಅಂದುಕೊಂಡರೋ ಏನೋ.

30ನೇ ನಂಬರಿನ ಹುಡುಗ ಮೌಂಡ್‌ಗೆ ಬಂದ. ವಯಸ್ಸು 21, ಎತ್ತರ 6 ಅಡಿ 6 ಅಂಗುಲ, ಮೇಲೆ ದಪ್ಪ ಮೀಸೆ. ಎಸೆದ. ಚೆಂಡು ನನಗೆ ಕಾಣಲಿಲ್ಲ. ಕ್ಯಾಚರ್ ಗ್ಲೌಸ್‌ನಲ್ಲಿ 'ಠಪ್' ಅಂತ ಸದ್ದು ಮಾತ್ರ.

"ಅಪ್ಪಾ, ನೂರಾ ಒಂದು!" ಮಗ ಬೋರ್ಡ್ ಕಡೆ ಕೈ ಮಾಡಿದ.

ಗಂಟೆಗೆ 101 ಮೈಲಿ ಅಂದರೆ ಸುಮಾರು 162.5 ಕಿಲೋಮೀಟರ್. ಶೋಯೆಬ್ ಅಖ್ತರ್ 2003ರ ವಿಶ್ವಕಪ್‌ನಲ್ಲಿ ಹಾಕಿದ ಅತಿ ವೇಗದ ಚೆಂಡು 161.3. ಅದೂ ಓಡಿ ಬಂದು. ಇವನು ನಿಂತ ಜಾಗದಿಂದ, ಒಂದೇ ಹೆಜ್ಜೆಯಲ್ಲಿ. ದೂರವೂ ನಮ್ಮ ಪಿಚ್‌ಗಿಂತ ಕಮ್ಮಿ, ಅರವತ್ತೂವರೆ ಅಡಿ. ನಡುವೆ ನೆಲ ಮುಟ್ಟಿ ವೇಗ ಕಳೆದುಕೊಳ್ಳುವ ಮಾತೂ ಇಲ್ಲ. ಆಮೇಲೆ ಅದಕ್ಕಿಂತ ಕೆಟ್ಟದ್ದು ಬಂತು. ಸ್ಪ್ಲಿಂಕರ್ ಅಂತ ಅದರ ಹೆಸರು. ಬ್ಯಾಟಿನ ಹತ್ತಿರದವರೆಗೆ ನೆಟ್ಟಗೆ ಬಂದು, ಕಾಲ ಕೆಳಗಿನ ಚಾಪೆ ಎಳೆದ ಹಾಗೆ ಧುಡುಂ ಅಂತ ಕೆಳಗೆ ಬೀಳುತ್ತದೆ. ಎದುರಾಳಿ ಶಿಕಾಗೊ ಕಬ್ಸ್ ತಂಡಕ್ಕೆ ಏಳು ಸ್ಟ್ರೈಕ್‌ಔಟ್.

ಕಟಕ್, ಕಟಕ್, ಕಟಕ್. ಅರವತ್ತು ದಾಟಿತು. ಎಪ್ಪತ್ತು ದಾಟಿತು. ನಾಲ್ಕನೇ ಇನಿಂಗ್ಸ್‌ನಲ್ಲಿ ಕಬ್ಸ್‌ನ ನಿಕೊ ಹೋರ್ನರ್ ಒಂದು ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದದ್ದು ಬಿಟ್ಟರೆ ಎಲ್ಲ ಇವನದೇ. ಪೈರೇಟ್ಸ್ 6-1 ಮುಂದೆ. ಐದನೆಯದರಲ್ಲಿ ಕಬ್ಸ್‌ನ ಇಬ್ಬರು ಬೇಸ್ (ರನ್‌ಗೆ ಓಡುವ ದಾರಿಯ ತಂಗುದಾಣ) ಮೇಲೆ ಹತ್ತಿದರು. ಮ್ಯಾನೇಜರ್ ಹೊರಗೆ ಬಂದು ಚೆಂಡಿಗೆ ಕೈ ಚಾಚಿದರು. ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹುಡುಗ ತಲೆ ತಗ್ಗಿಸಿ ನಡೆದ.

ಕ್ಲಿಕ್ಕರ್ ನೋಡಿದೆ. 83. ಅಜ್ಜ ಚುಕ್ಕೆಗಳ ಮೇಲೆ ಪೆನ್ಸಿಲ್ ಓಡಿಸಿ, "84. ಒಂದು ತಪ್ಪಿಸಿದ್ದೀರಿ" ಅಂದರು.

ಮಗನಿಗೆ ಒಂದು ದಿನಕ್ಕೆ ಬಿಡುವುದು 85. ಇವನಿಗೆ 84.

1993ರ ದಾವಣಗೆರೆ ನೆನಪಾಯಿತು. ಕಾಲೇಜು ಪಂದ್ಯ, ಮ್ಯಾಟ್ ಮೇಲೆ. ನಮಗೆಲ್ಲ ಆಗ ಶ್ರೀನಾಥ್ ಆಗುವ ಹುಚ್ಚು. ಬೆಳಗ್ಗೆ ಒಂದು ತುದಿಯಿಂದ ಶುರು ಮಾಡಿದವನು ಟೀ ಬರುವವರೆಗೂ ಚೆಂಡು ಬಿಡಲಿಲ್ಲ. "ಇನ್ನೊಂದು ಓವರ್ ಹಾಕೋ ಮಾರಾಯ, ಬಿದ್ದೇ ಬೀಳುತ್ತೆ" ಅಂತ ಕ್ಯಾಪ್ಟನ್. ನನಗೂ ಅದೇ ಬೇಕಿತ್ತು, ಸುಳ್ಳು ಯಾಕೆ ಹೇಳಲಿ. 23 ಓವರ್ ಅಂತ ಪುಸ್ತಕದಲ್ಲಿದೆ. 138 ಎಸೆತ ಅಂತ ಲೆಕ್ಕ ಹಾಕಿದ್ದು ಆ ಸಂಜೆ ಪಿಎನ್‌ಸಿ ಪಾರ್ಕ್‌ನಲ್ಲಿ, ಮೂವತ್ತೊಂದು ವರ್ಷದ ಮೇಲೆ. ಮರುದಿನ ಬಚ್ಚಲಲ್ಲಿ ತಂಬಿಗೆ ತಲೆಯವರೆಗೆ ಎತ್ತಲು ಆಗಲಿಲ್ಲ. ಅಮ್ಮ ಎಣ್ಣೆ ಕಾಯಿಸಿ ತಿಕ್ಕಿದಳು, ಮೂಳೆ ಕಟ್ಟುವವರು ಪಟ್ಟು ಹಾಕಿದರು, ಮೂರು ವಾರಕ್ಕೆ ಮತ್ತೆ ಬೌಲಿಂಗ್‌ಗೆ ಹೋದೆ. ಅಲ್ಲಿಗೆ ಮುಗಿಯಿತು. ಈಗಲೂ ಅಡುಗೆಮನೆಯ ಮೇಲಿನ ಹಲಗೆಯಿಂದ ಹಪ್ಪಳದ ಡಬ್ಬಿ ಇಳಿಸಲು ಎಡಗೈಯೇ ಬೇಕು. 1997ರಲ್ಲಿ ಶ್ರೀನಾಥ್ ಭುಜಕ್ಕೆ ಶಸ್ತ್ರಚಿಕಿತ್ಸೆ ಆಯಿತು ಅಂತ ಪೇಪರಿನಲ್ಲಿ ಓದಿದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ಸ್ವಲ್ಪ ಸಮಾಧಾನವಾಗಿತ್ತು. ಅವರು ಮರಳಿ ಬಂದು 2003ರ ವಿಶ್ವಕಪ್‌ವರೆಗೆ ಆಡಿದರು, ಅದು ಬೇರೆ ಮಾತು.

ಇತ್ತ ಸ್ಕೀನ್ಸ್ ಹೋದದ್ದೇ ತಡ, ಆಟ ಕೆಟ್ಟು ಕೆರ ಹಿಡಿಯಿತು. ಬೇಸ್ ತುಂಬಿದ ಮೇಲೆ ನಮ್ಮವರು ಗುರಿ ತಪ್ಪಿ ಎಸೆದು, ಬ್ಯಾಟರ್‌ಗಳನ್ನು ಪುಕ್ಕಟೆ ಬೇಸ್‌ಗೆ ನಡೆಸಿ ನಡೆಸಿ ರನ್ ಕೊಟ್ಟರು. ಜೊತೆಗೆ ಮಳೆ. ಎರಡು ಗಂಟೆ ಇಪ್ಪತ್ತು ನಿಮಿಷ ಟಾರ್ಪಾಲಿನ್ ನೋಡಿಕೊಂಡು ಕೂತಿದ್ದಾಯಿತು. ಮೂರು ಜನಕ್ಕೆ ಒಂದೇ ಕೊಡೆ, ಅಜ್ಜನದು. ಪುಸ್ತಕವನ್ನು ಅಂಗಿಯೊಳಗೆ ತೂರಿಸಿಕೊಂಡು ಅವರು ಒಂದು ಹಳೇ ಕಥೆ ತೆಗೆದರು. ಪೈರೇಟ್ಸ್ 2008ರಲ್ಲಿ ಭಾರತದ ಇಬ್ಬರು ಹುಡುಗರಿಗೆ ಸಹಿ ಹಾಕಿಸಿತ್ತು, ರಿಂಕು ಸಿಂಗ್, ದಿನೇಶ್ ಪಟೇಲ್, ಜಾವೆಲಿನ್ ಎಸೆಯುತ್ತಿದ್ದವರು, ನಿಮಗೆ ಗೊತ್ತಿರಬೇಕಲ್ಲ ಅಂತ. ಇಬ್ಬರೂ ಮೇಜರ್ ಲೀಗ್ ಮುಟ್ಟಲಿಲ್ಲ. ರಿಂಕುವಿನ ಮೊಣಕೈಗೆ ಶಸ್ತ್ರಚಿಕಿತ್ಸೆ ಆಗಿ, ಕೊನೆಗೆ ಅವನು ಕುಸ್ತಿಯ ರಿಂಗ್‌ಗೆ ಹೋದ. "ಕೈ ಅನ್ನೋದು ಹೀಗೇ" ಅಂದು ಅಜ್ಜ ತಮ್ಮ ಮೊಣಕೈ ತಟ್ಟಿಕೊಂಡರು.

ಮಗನಿಗೆ ಚಳಿ ಹತ್ತಿತು, ಹೊರಟೆವು. ಪೈರೇಟ್ಸ್ 10-9ಕ್ಕೆ ಗೆದ್ದದ್ದು ಕಾರಿನ ರೇಡಿಯೊದಲ್ಲಿ ಗೊತ್ತಾಯಿತು.

ಆ ವರ್ಷ ಸ್ಕೀನ್ಸ್ ಏನೆಲ್ಲ ಮಾಡಿದ ಅನ್ನುವುದು ಈಗ ಎಲ್ಲರಿಗೂ ಗೊತ್ತಿದೆ. ಹನ್ನೊಂದೇ ಪಂದ್ಯ ಆಡಿ, ಮೇಜರ್ ಲೀಗ್‌ನ ತಾರೆಯರು ಸೇರಿ ಆಡುವ ಆಲ್‌ಸ್ಟಾರ್ ಪಂದ್ಯದಲ್ಲಿ ತನ್ನ ಕಡೆಯಿಂದ ಎಸೆತ ಶುರು ಮಾಡಿದ. ವರ್ಷದ ಕೊನೆಗೆ ಹೊಸಬರ ಪ್ರಶಸ್ತಿ, ಮರುವರ್ಷ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ. ನನಗೆ ನೆನಪಿರುವುದು ಜುಲೈ 11ರ ಮಿಲ್ವಾಕಿ ಪಂದ್ಯ. ಏಳು ಇನಿಂಗ್ಸ್ ಒಂದೇ ಒಂದು ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು) ಕೊಟ್ಟಿಲ್ಲ, 11 ಸ್ಟ್ರೈಕ್‌ಔಟ್. ಇನ್ನೆರಡು ಇನಿಂಗ್ಸ್ ಹೀಗೇ ಎಸೆದಿದ್ದರೆ ಚರಿತ್ರೆ. 99 ಎಸೆತಕ್ಕೆ ತೆಗೆದುಬಿಟ್ಟರು. ನಾನು ಸೋಫಾದಿಂದ ಎದ್ದು, "ಲೇ, ಇನ್ನೊಂದು ಹಾಕಿಸ್ರೋ!" ಅಂತ ಟಿವಿಗೆ ಬೈದೆ.

"ಅಪ್ಪ, ನೀನೂ ನಿನ್ ಕ್ಯಾಪ್ಟನ್ ಥರಾನೇ" ಅಂದ ಮಗ, ಚಿಪ್ಸ್ ತಿನ್ನುತ್ತಾ.

ಆ ವಾರಾಂತ್ಯ ಮಗನದೇ ಪಂದ್ಯ. ಬಿಸಿಲು ಸುಡುತ್ತಿತ್ತು. ಅವನು ಚೆನ್ನಾಗಿ ಎಸೆಯುತ್ತಿದ್ದ. ಒಬ್ಬ ಔಟಾದರೆ ಇನಿಂಗ್ಸ್ ಮುಗಿಯುತ್ತದೆ. ಮೌಂಡ್ ಮೇಲಿಂದಲೇ ನನ್ನ ಕಡೆ ನೋಡಿ ಒಂದು ಬೆರಳು ತೋರಿಸಿದ, ಇನ್ನೊಬ್ಬ ಬ್ಯಾಟರ್ ಮಾತ್ರ ಅಂತ. ಕ್ಲಿಕ್ಕರ್ ನೋಡಿದೆ. 65. ಕೋಚ್‌ಗೆ ಕೈ ಎತ್ತಿದೆ, ಎಡಗೈ.